ಒಂದೇ ಭಾನುವಾರ ಕಪಾಟು ಖಾಲಿ ಮಾಡಿದೆ, ಈಗ ಮನೆಯವರೆಲ್ಲ ಒಂದು ಕಡೆ, ನಾನೊಬ್ಬಳೇ ಒಂದು ಕಡೆ

ಖಾಲಿಡಬ್ಬಿ | ಸೋಮವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಒಂದು ಭಾನುವಾರ ತಲೆಗೆ ಏನು ಹೊಳೆಯಿತೋ ಏನೋ, ಅಡುಗೆಮನೆ ಕಪಾಟಿನಲ್ಲಿದ್ದ ಪ್ಯಾಕೆಟ್ ತಿಂಡಿಗಳನ್ನೆಲ್ಲ ದೊಡ್ಡ ಚೀಲಕ್ಕೆ ತುಂಬಿ ಆಚೆ ಹಾಕಿದೆ. ಬಿಸ್ಕತ್ತು, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಸೂಪ್ ಪುಡಿ, ಎರಡು ಬಗೆಯ ಸಾಸ್, ಬೆಳಗಿನ ಸೀರಿಯಲ್, ಹಾಲಿಗೆ ಹಾಕುವ ಚಾಕೊಲೇಟ್ ಪುಡಿ. ಒರೆಸಿಟ್ಟ ಕಪಾಟು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಅದರ ಫೋಟೊ ಕೂಡ ತೆಗೆದಿಟ್ಟುಕೊಂಡೆ.

ಆ ಖುಷಿ ಬುಧವಾರದ ತನಕ ಇತ್ತು. ಒಂಬತ್ತು ವರ್ಷದ ಮಗ ಶಾಲೆಯಿಂದ ಬಂದವನೇ ಕಪಾಟು ತೆರೆದ, ಮುಚ್ಚಿದ, ಮತ್ತೆ ತೆರೆದ. ಅಕ್ಕಿ, ಕಾಳು, ಹಿಟ್ಟು. "ಇದರಲ್ಲಿ ತಿನ್ನೋದು ಯಾವುದಮ್ಮ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳಿಗೆ 14. ಅವಳು ಏನೂ ಕೇಳುವುದಿಲ್ಲ, ತನ್ನ ದುಡ್ಡಲ್ಲಿ ಆಚೆ ತಿಂದು ಬರುತ್ತಾಳೆ.

ಕಳೆದ ವಾರ ಬಟ್ಟೆ ಬೀರುವಿನಲ್ಲಿ, ಸ್ವೆಟರ್ ಕೆಳಗೆ, ಎರಡು ಬಿಸ್ಕತ್ತು ಪ್ಯಾಕೆಟ್ ಸಿಕ್ಕಿದವು. ಬಚ್ಚಿಟ್ಟಿದ್ದು ಮಕ್ಕಳಲ್ಲ. ನಮ್ಮ ಅತ್ತೆ.

ಎಲ್ಲಿ ತಪ್ಪಿದೆ ಹೇಳಿ. ವಾಪಸ್ ಹಳೇ ದಾರಿಗೆ ಹೋಗುವ ಮನಸ್ಸಿಲ್ಲ. ಹೀಗೇ ಜಗಳ ಮಾಡಿಕೊಂಡು ಇರುವುದಕ್ಕೂ ಆಗುತ್ತಿಲ್ಲ.

ಸುಮ್ನೆಓದ್ತಿದ್ದೆ | ಸೋಮವಾರ, ರಾತ್ರಿ 10:31

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ 😄

ಹಸಿರುಚೀಲ | ಸೋಮವಾರ, ರಾತ್ರಿ 10:48

ನೀವು ಮಾಡಿದ್ದು ಸರಿಯಾಗೇ ಇದೆ ಅಕ್ಕ. ಬಗ್ಗಬೇಡಿ. ಹಸಿವಾದರೆ ತಾವಾಗೇ ತಿನ್ನುತ್ತಾರೆ. ಕಾರ್ಖಾನೆಯಿಂದ ಬಂದದ್ದು ಯಾವುದೂ ಊಟ ಅಲ್ಲ. ನಮ್ಮ ಮನೆಯಲ್ಲಿ ಪ್ಯಾಕೆಟ್ ಅನ್ನುವುದು ಒಳಗೇ ಬರುವುದಿಲ್ಲ, ಎರಡು ವರ್ಷವಾಯಿತು.

ರಾತ್ರಿಪಾಳಿ | ಮಂಗಳವಾರ, ಬೆಳಗ್ಗೆ 6:05

@ಹಸಿರುಚೀಲ ಒಂದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು?

ಹಸಿರುಚೀಲ | ಮಂಗಳವಾರ, ಬೆಳಗ್ಗೆ 8:12

ನಮ್ಮಮ್ಮ. ಯಾಕೆ?

ರಾತ್ರಿಪಾಳಿ | ಮಂಗಳವಾರ, ಬೆಳಗ್ಗೆ 8:15

ಸುಮ್ನೆ ಕೇಳಿದೆ.

ಲೇಬಲ್ಲಣ್ಣ | ಮಂಗಳವಾರ, ಮಧ್ಯಾಹ್ನ 1:40

ನಾನು 11 ವರ್ಷ ಆಹಾರ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೆ. ಎಲ್ಲಿ ಅಂತ ಕೇಳಬೇಡಿ. "ಕಾರ್ಖಾನೆಯಿಂದ ಬಂದದ್ದೆಲ್ಲ" ಅನ್ನುವ ಮಾತು ಹಿಡಿದು ಹೊರಟರೆ ಕಪಾಟಿನಲ್ಲಿ ಉಪ್ಪೂ ಉಳಿಯುವುದಿಲ್ಲ. ಹಿಟ್ಟು ಬೀಸುವುದು, ಹಾಲು ಕಾಯಿಸುವುದು, ಬಟಾಣಿ ಫ್ರೀಜ್ ಮಾಡುವುದು ಎಲ್ಲವೂ ಸಂಸ್ಕರಣೆಯೇ.

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ 2009ರಲ್ಲಿ ಇದನ್ನೇ ಎತ್ತಿದರು. ಸಂಸ್ಕರಣೆ ಆಗಿದೆಯಾ ಇಲ್ಲವಾ ಅನ್ನುವುದಕ್ಕಿಂತ ಎಷ್ಟು ಆಗಿದೆ, ಯಾಕೆ ಆಗಿದೆ ಅಂತ ನೋಡಿ ಅಂದರು. ಅವರ ತಂಡ ಮಾಡಿದ ವಿಂಗಡಣೆಗೆ ನೋವಾ ಅಂತ ಹೆಸರು. ಅದರಲ್ಲಿ ನಾಲ್ಕು ಗುಂಪು. ಹಣ್ಣು, ಕಾಳು, ಮೊಟ್ಟೆ, ಹಾಲು, ಸಕ್ಕರೆ ಹಾಕದ ಮೊಸರು ಒಂದರಲ್ಲಿ. ಎಣ್ಣೆ, ಉಪ್ಪು, ಸಕ್ಕರೆ ಎರಡರಲ್ಲಿ. ಸಾದಾ ಚೀಸ್, ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳು, ಬೇಕರಿಯ ತಾಜಾ ಬ್ರೆಡ್ ಮೂರರಲ್ಲಿ. ನಾಲ್ಕನೆಯದೇ ಅಲ್ಟ್ರಾ ಪ್ರೊಸೆಸ್ಡ್. ಪದಾರ್ಥವನ್ನು ಬಿಡಿಬಿಡಿ ಮಾಡಿ, ಪಿಷ್ಟ ಬೇರೆ, ಪ್ರೋಟೀನ್ ಬೇರೆ, ಎಣ್ಣೆ ಬೇರೆ ತೆಗೆದು, ಬಣ್ಣ, ಪರಿಮಳ, ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಸೇರಿಸಿ ಮತ್ತೆ ಕಟ್ಟಿದ್ದು.

ನನ್ನ ಪರೀಕ್ಷೆ ತುಂಬಾ ಸರಳ. ಪೊಟ್ಟಣದ ಪದಾರ್ಥಗಳ ಪಟ್ಟಿಯಲ್ಲಿ ಇರುವುದನ್ನು ನಿಮ್ಮ ಅಡುಗೆಮನೆಯಲ್ಲಿ ಇಟ್ಟುಕೊಳ್ಳುತ್ತೀರಾ? ಗ್ಲೂಕೋಸ್ ಸಿರಪ್ ಡಬ್ಬಿ ಯಾರ ಮನೆಯಲ್ಲೂ ನಾನು ನೋಡಿಲ್ಲ.

ಹಾಗಂತ ಹೆಸರು ಗೊತ್ತಿಲ್ಲ ಅಂದ ಕೂಡಲೇ ವಿಷ ಅಂದುಕೊಳ್ಳಬೇಡಿ. ಆಸ್ಕಾರ್ಬಿಕ್ ಆಮ್ಲ ಅಂದರೆ ವಿಟಮಿನ್ ಸಿ. ಟೊಕೊಫೆರಾಲ್ ಅಂದರೆ ವಿಟಮಿನ್ ಇ. ಡಬ್ಬಿ ಟೊಮೆಟೊಗೆ ಸಿಟ್ರಿಕ್ ಆಮ್ಲ ಹಾಕುವುದು ಹುಳಿ ಮಟ್ಟ ಕಾಯಲು, ಅಪಾಯದ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ.

ಮೂರುಮಕ್ಕಳಮ್ಮ | ಮಂಗಳವಾರ, ಸಂಜೆ 4:22

ಖಾಲಿಡಬ್ಬಿ ಅವರೇ, ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವಳು. ಕಪಾಟು ಖಾಲಿ ಮಾಡಿದಿರಿ, ಸರಿ. ಮಗ ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದೇ ಅಲ್ವಾ? ಕಪಾಟಿನಲ್ಲಿ ಸಾಮಾನು ಇದೆ, ತಿಂಡಿ ಇಲ್ಲ. ಪ್ಯಾಕೆಟ್ ಹರಿದರೆ ಮೂರು ಸೆಕೆಂಡಿನಲ್ಲಿ ಬಾಯಿಗೆ. ಹಸಿ ಕಾಳು ಬಾಯಿಗೆ ಬರಲು ಒಂದು ರಾತ್ರಿ ನೆನೆಯಬೇಕು.

ಒಂದು ಕೆಲಸ ಮಾಡಿ. ಇನ್ನೊಂದು ವಾರ ಏನನ್ನೂ ಬದಲಿಸಬೇಡಿ. ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಯಾರು ಏನು ತಿಂದರೂ ಹೊತ್ತು ಮಾತ್ರ ಬರೆಯಲಿ. ಏನು ತಿಂದರು ಅಂತ ಬರೆಸಬೇಡಿ, ಸುಳ್ಳು ಬರೆಯುತ್ತಾರೆ. ಹೊತ್ತು ಸಾಕು.

ಖಾಲಿಡಬ್ಬಿ | ಮಂಗಳವಾರ, ಸಂಜೆ 5:50

ಬೀರು ತಿಂಡಿಯೂ ಲೆಕ್ಕಕ್ಕಾ?

ಮೂರುಮಕ್ಕಳಮ್ಮ | ಮಂಗಳವಾರ, ಸಂಜೆ 5:52

ಅದೇ ಮುಖ್ಯ!

ನಿವೃತ್ತಮೇಷ್ಟ್ರು | ಮಂಗಳವಾರ, ರಾತ್ರಿ 8:30

ನನಗೆ ಬಿಪಿ ಇದೆ. ಉಪ್ಪು ಕಡಿಮೆ ಮಾಡಿ ಅಂದರು ಡಾಕ್ಟರು. ಮನೆಯಾಕೆ ಅಡುಗೆಗೆ ಉಪ್ಪು ಹಾಕುವುದನ್ನೇ ಅರ್ಧ ಮಾಡಿದಳು, ನಾನು ಸಪ್ಪೆ ಊಟ ಉಂಡು ದೊಡ್ಡ ತ್ಯಾಗ ಮಾಡಿದವನ ಹಾಗೆ ಇದ್ದೆ. ಆಮೇಲೆ ಒಂದು ದಿನ ಕನ್ನಡಕ ಹಾಕಿಕೊಂಡು ಬ್ರೆಡ್, ಸಾಸ್, ಸೂಪ್ ಪೊಟ್ಟಣ ಎಲ್ಲ ಓದಿದೆ. ನನ್ನ ಉಪ್ಪು ಇದ್ದದ್ದೇ ಅಲ್ಲಿ. ಬ್ರೆಡ್ ಉಪ್ಪು ಅನಿಸುವುದೇ ಇಲ್ಲ ನೋಡಿ, ಆದರೆ ದಿನಕ್ಕೆ ನಾಲ್ಕು ತುಂಡು ತಿಂದರೆ ಕೂಡುತ್ತಾ ಹೋಗುತ್ತದೆ.

ಪೊಟ್ಟಣದ ಮೇಲೆ ಸೋಡಿಯಂ ಅಂತ ಬರೆದಿರುತ್ತಾರೆ, ಉಪ್ಪು ಅಂತ ಅಲ್ಲ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಮ್ಮಿ. ಲೆಕ್ಕದ ಮೇಷ್ಟ್ರಾಗಿ 31 ವರ್ಷ ಇದ್ದೆ. ಈ ಗುಣಾಕಾರವನ್ನು ನನಗೆ ಯಾರೂ ಹೇಳಿರಲಿಲ್ಲ.

ಒಂದು ಸಮಾಧಾನದ ಮಾತು. ನಾಲಿಗೆ ಪಳಗುತ್ತದೆ. ಮೊದಲ ತಿಂಗಳು ಕಷ್ಟ. ಈಗ ಹಳೆಯ ಸೂಪ್ ಕುಡಿದರೆ ಸಮುದ್ರದ ನೀರು ಕುಡಿದ ಹಾಗೆ.

ಬಾಡಿಗೆಕೋಣೆ | ಮಂಗಳವಾರ, ರಾತ್ರಿ 9:15

ಸಾರ್, ಹಾಗಾದರೆ ಮನೆ ಉಪ್ಪು ಬಿಟ್ಟು ಬಣ್ಣದ ಉಪ್ಪು, ಕಲ್ಲುಪ್ಪು ತಗೊಂಡರೆ ಒಳ್ಳೆಯದಾ?

ಲೇಬಲ್ಲಣ್ಣ | ಮಂಗಳವಾರ, ರಾತ್ರಿ 9:40

ಮೇಷ್ಟ್ರ ಬದಲು ನಾನೇ ಹೇಳುತ್ತೇನೆ. ಬೇಡ. ಈ ಎಲ್ಲ ಉಪ್ಪಿನಲ್ಲೂ ಸೋಡಿಯಂ ಹೆಚ್ಚುಕಡಿಮೆ ಒಂದೇ. ಅಯೋಡಿನ್ ಮಾತ್ರ ಒಂದೇ ಅಲ್ಲ. ಚೆಂದದ ಉಪ್ಪುಗಳಿಗೆ ಅದನ್ನು ಸೇರಿಸಿರುವುದು ಕಡಿಮೆ. ಥೈರಾಯ್ಡ್‌ಗೆ ಅದು ಬೇಕು, ಗರ್ಭಿಣಿಯರಿಗಂತೂ ಬೇಕೇಬೇಕು. ಉಪ್ಪು ಕಡಿಮೆ ಮಾಡಿ, ಅಯೋಡಿನ್ ಇರುವುದನ್ನೇ ಇಟ್ಟುಕೊಳ್ಳಿ. ಇದು ಸಂಸ್ಕರಣೆಯಿಂದ ಒಳ್ಳೆಯದಾದ ಉದಾಹರಣೆ.

ಹಸಿರುಚೀಲ | ಮಂಗಳವಾರ, ರಾತ್ರಿ 10:02

ಕಾರ್ಖಾನೆಯವರು ಕಾರ್ಖಾನೆ ಪರ ಮಾತಾಡುವುದು ಸಹಜ. ಪ್ಯಾಕೆಟ್ ಆದರೇನು, ಮನೆ ಊಟ ಆದರೇನು, ಕ್ಯಾಲೊರಿ ಲೆಕ್ಕ ಒಂದೇ ಅಂತಲೂ ಹೇಳಿಬಿಡಿ.

ಲೇಬಲ್ಲಣ್ಣ | ಮಂಗಳವಾರ, ರಾತ್ರಿ 10:25

ಇಲ್ಲ, ಅಲ್ಲಿ ನಿಮ್ಮ ಪಕ್ಷ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ತಂಡ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 20 ಜನ. ಎಲ್ಲರೂ ಅಲ್ಲೇ ವಾಸ. ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್ ಊಟ, ಎರಡು ವಾರ ಸಾದಾ ಊಟ. ಮುಂದಿಟ್ಟ ತಟ್ಟೆಯಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಸರಿಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡು ವಾರದಲ್ಲಿ ತೂಕ ಒಂದು ಕಿಲೋ ಹತ್ತಿರ ಏರಿತು, ಸಾದಾ ಊಟದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಪ್ಯಾಕೆಟ್ ಊಟವನ್ನು ಬೇಗ ಬೇಗ ತಿಂದಿದ್ದೂ ಕಂಡುಬಂತು. ಮೆತ್ತಗಿರುತ್ತದೆ, ಅಗಿಯುವ ಕೆಲಸ ಇಲ್ಲ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ಪೊಟ್ಟಣ ಖಾಲಿ.

ಚಿಕ್ಕ ಪ್ರಯೋಗ, ನಿಜ. ಆದರೆ ಒಂದೇ ಪ್ಯಾಕೆಟ್ ಬಿಸ್ಕತ್ತು ಯಾಕೆ ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ನನಗೆ ಅರ್ಥವಾಗಿದ್ದು ಅದನ್ನು ಓದಿದ ಮೇಲೆ.

ರಾತ್ರಿಪಾಳಿ | ಬುಧವಾರ, ಬೆಳಗ್ಗೆ 6:20

ಎಲ್ಲ ಸರಿ. ಈಗ ನನ್ನ ಮಾತು ಕೇಳಿ, ಸ್ವಲ್ಪ ಖಾರ ಇದೆ.

ನಾನೂ ನನ್ನ ಹೆಂಡತಿಯೂ ಪಾಳಿ ಕೆಲಸದವರು. ಇಂಥ ಚರ್ಚೆಗಳಲ್ಲಿ "ಬರೀ 10 ನಿಮಿಷದ ಕೆಲಸ" ಅಂತ ಬರೆಯುತ್ತಾರಲ್ಲ, ಆ 10 ನಿಮಿಷದಲ್ಲಿ ಪಾತ್ರೆ ತೊಳೆಯುವುದು ಸೇರಿಲ್ಲ. ನೆನೆ ಹಾಕಲು ನೆನಪಿಟ್ಟುಕೊಳ್ಳುವುದು ಸೇರಿಲ್ಲ. ತರಕಾರಿ ಮುಗಿದಿದೆ ಅಂತ ಗೊತ್ತಾಗಿ ಮತ್ತೆ ಚಪ್ಪಲಿ ಹಾಕಿಕೊಳ್ಳುವುದೂ ಸೇರಿಲ್ಲ. ಪ್ಯಾಕೆಟ್ ಮನೆಗೆ ಬಂದಿದ್ದು ನಾಲಿಗೆ ಚಪಲಕ್ಕೆ ಮಾತ್ರ ಅಲ್ಲ. ಯಾರದೋ ಒಬ್ಬರ ಒಂದು ಗಂಟೆಯನ್ನು ಅದು ಉಳಿಸುತ್ತಿತ್ತು. ಪ್ಯಾಕೆಟ್ ತೆಗೆದರೆ ಆ ಒಂದು ಗಂಟೆ ಯಾರ ತಲೆ ಮೇಲೆ ಬೀಳುತ್ತದೆ ಅಂತ ಮೊದಲು ಮಾತಾಡಿ. ಮುಕ್ಕಾಲು ಮನೆಗಳಲ್ಲಿ ಅಮ್ಮನ ತಲೆ ಮೇಲೆ. ಅದಕ್ಕೇ ನಿನ್ನೆ ಕೇಳಿದ್ದು, ಅಡುಗೆ ಯಾರು ಅಂತ.

ನಮ್ಮಲ್ಲಿ ಇನ್‌ಸ್ಟಂಟ್ ನೂಡಲ್ಸ್ ಇದೆ. ಇರುತ್ತದೆ. ಆದರೆ ಮಸಾಲೆ ಪುಡಿ ಅರ್ಧವೇ ಹಾಕುತ್ತೇವೆ, ಉಪ್ಪು ಜಾಸ್ತಿ ಇರುವುದು ಅದರಲ್ಲೇ. ಎರಡು ಮೊಟ್ಟೆ, ಒಂದು ಹಿಡಿ ಫ್ರೋಜನ್ ಬಟಾಣಿ. ರಾತ್ರಿ 2 ಗಂಟೆಗೆ ಇದಕ್ಕಿಂತ ಜಾಸ್ತಿ ನನ್ನ ಕೈಲಾಗುವುದಿಲ್ಲ.

ಹಸಿರುಚೀಲ | ಬುಧವಾರ, ಬೆಳಗ್ಗೆ 9:00

ನಿಮ್ಮ ಮಾತು ಚುಚ್ಚಿತು. ಅಮ್ಮನನ್ನು ಕೇಳಿದೆ. "ನೀನು ಒಂದು ದಿನ ಮಾಡು, ಆಮೇಲೆ ಬರಿ" ಅಂದರು.

ಮೂರುಮಕ್ಕಳಮ್ಮ | ಬುಧವಾರ, ಬೆಳಗ್ಗೆ 11:10

ಅಮ್ಮನಿಗೂ ಇಲ್ಲಿ ಒಂದು ಖಾತೆ ತೆರೆದುಕೊಡಿ.

ಹಾಲುಬೇಡ | ಬುಧವಾರ, ಮಧ್ಯಾಹ್ನ 2:35

ನಮ್ಮ ಎರಡು ವರ್ಷದ ಮಗುವಿಗೆ ಹಾಲಿನ ಅಲರ್ಜಿ. ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ ಸೋಯಾ ಹಾಲು ಕೊಡುತ್ತಿದ್ದೇವೆ, ಡಾಕ್ಟರ್ ಹೇಳಿದ್ದೇ ಅದು. ಈ ಚರ್ಚೆ ಓದಿ ಡಬ್ಬಿ ತಿರುಗಿಸಿ ನೋಡಿದೆ, ನಾಲ್ಕನೇ ಗುಂಪಿಗೇ ಬರುತ್ತದೆ ಅನಿಸಿ ಹೆದರಿಕೆಯಾಯಿತು.

ಲೇಬಲ್ಲಣ್ಣ | ಬುಧವಾರ, ಮಧ್ಯಾಹ್ನ 3:05

ದಯವಿಟ್ಟು ನಿಲ್ಲಿಸಬೇಡಿ. ಎಳೆ ಮಕ್ಕಳ ಫಾರ್ಮುಲಾ ಹಾಲು ಕೂಡ ನಾಲ್ಕನೇ ಗುಂಪೇ. ಗುಂಪು ಅನ್ನುವುದು ತಯಾರಿಕೆಯ ಬಗ್ಗೆ ಹೇಳುತ್ತದೆ, ನಿಮ್ಮ ಮಗುವಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಬದಲಾಯಿಸುವುದಿದ್ದರೆ ಡಾಕ್ಟರನ್ನು ಕೇಳದೆ ಬೇಡ. ಇನ್ನೊಂದು, ಅಲರ್ಜಿ ಇರುವ ಮನೆಯಲ್ಲಿ ಬಿಡಿ ಸಾಮಾನು ತರುವಾಗ ಹುಷಾರು. ಪ್ಯಾಕೆಟ್ ಮೇಲೆ ಏನೇನಿದೆ ಅಂತ ಬರೆದಿರುತ್ತದೆ, ಬಿಡಿ ಚೀಲಕ್ಕೆ ಯಾವ ಸೌಟು ಹಾಕಿದ್ದಾರೋ ಗೊತ್ತಾಗುವುದಿಲ್ಲ.

ಹಾಲುಬೇಡ | ಬುಧವಾರ, ಮಧ್ಯಾಹ್ನ 3:20

ಜೀವ ಬಂತು. ಥ್ಯಾಂಕ್ಸ್ ಅಣ್ಣ.

ಬಾಡಿಗೆಕೋಣೆ | ಬುಧವಾರ, ರಾತ್ರಿ 9:30

ಲೇಬಲ್ಲಣ್ಣ, ಅಂಗಡಿಯಲ್ಲಿ ನಿಂತು ಓದುವುದು ಹೇಗೆ ಅಂತ ಬರೆಯಿರಿ. ನಾನು ಓದಲು ಹೋಗಿ ಹಿಂದಿನವರು ಬೈದರು.

ಲೇಬಲ್ಲಣ್ಣ | ಬುಧವಾರ, ರಾತ್ರಿ 11:15

ಸರಿ, ಮುಂಭಾಗ ಓದಲೇಬೇಡಿ. ಅದು ಜಾಹೀರಾತು. "ಮಲ್ಟಿಗ್ರೇನ್" ಅಂದರೆ ಹಲವು ಧಾನ್ಯ, ಇಡಿ ಧಾನ್ಯ ಅಂತ ಅಲ್ಲ. ತಿರುಗಿಸಿ.

ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಜಾಸ್ತಿ ಇರುವುದು ಮೊದಲು. ಇಲ್ಲೊಂದು ಚಾಲಾಕಿ ಇದೆ. ಸಕ್ಕರೆಯನ್ನು ಒಂದೇ ಹೆಸರಲ್ಲಿ ಹಾಕಿದರೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ಸ್ವಲ್ಪ ಸಕ್ಕರೆ, ಸ್ವಲ್ಪ ಗ್ಲೂಕೋಸ್ ಸಿರಪ್, ಸ್ವಲ್ಪ ಡೆಕ್ಸ್ಟ್ರೋಸ್, ಸ್ವಲ್ಪ ಹಣ್ಣಿನ ರಸದ ಕಾನ್ಸಂಟ್ರೇಟ್ ಅಂತ ಹಂಚಿದರೆ ನಾಲ್ಕೂ ಕೆಳಗೆ ಹೋಗುತ್ತವೆ, ಮೇಲೆ ಗೋಧಿ ಬರುತ್ತದೆ. ಸಿಹಿಯ ಹೆಸರು ಮೂರಕ್ಕಿಂತ ಜಾಸ್ತಿ ಕಂಡರೆ ನಾನು ವಾಪಸ್ ಇಡುತ್ತೇನೆ.

ಆಮೇಲೆ ಕೋಷ್ಟಕ. "ಒಂದು ಸಲಕ್ಕೆ" ಅನ್ನುವ ಕಾಲಂ ಬಿಡಿ. ಆ "ಒಂದು ಸಲ" 30 ಗ್ರಾಂ ಅಂತಿರುತ್ತದೆ, ಯಾರೂ ಅಷ್ಟಕ್ಕೆ ನಿಲ್ಲಿಸುವುದಿಲ್ಲ. 100 ಗ್ರಾಂ ಕಾಲಂ ನೋಡಿ. ಬ್ರಿಟನ್‌ನಲ್ಲಿ ಪೊಟ್ಟಣಗಳಿಗೆ ಕೆಂಪು, ಹಸಿರು ಬಣ್ಣ ಕೊಡುವಾಗ ಬಳಸುವ ಅಳತೆ ನನಗೆ ಇಷ್ಟ: 100 ಗ್ರಾಂಗೆ ಸಕ್ಕರೆ 5 ಗ್ರಾಂ ಒಳಗಿದ್ದರೆ ಕಡಿಮೆ, 22.5 ದಾಟಿದರೆ ಜಾಸ್ತಿ. ಉಪ್ಪು 0.3 ಒಳಗಿದ್ದರೆ ಕಡಿಮೆ, 1.5 ದಾಟಿದರೆ ಜಾಸ್ತಿ. ಪಾನೀಯಗಳಿಗೆ ಬೇರೆ, ಇನ್ನೂ ಬಿಗಿ ಅಳತೆ. 4 ಗ್ರಾಂ ಸಕ್ಕರೆ ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ ಅಂತ ಇಟ್ಟುಕೊಳ್ಳಿ.

ಸಾದಾ ಮೊಸರಿನ ಡಬ್ಬಿಯಲ್ಲೂ ಸಕ್ಕರೆ 4-5 ಗ್ರಾಂ ಅಂತ ಬರೆದಿರುತ್ತದೆ. ಗಾಬರಿ ಬೇಡ, ಅದು ಹಾಲಿನದೇ ಸಕ್ಕರೆ. ಹಣ್ಣಿನ ರುಚಿಯ ಮೊಸರಿನಲ್ಲಿ 13 ಇದ್ದರೆ ಬಾಕಿ ಎಂಟೊಂಬತ್ತು ಬಹುಪಾಲು ಆಮೇಲೆ ಸೇರಿಸಿದ್ದು.

"ಶುಗರ್ ಫ್ರೀ" ಬಗ್ಗೆ ಮುಂದೆ ಯಾರಾದರೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ತೂಕ ಇಳಿಸಲು ಸಕ್ಕರೆ ಬದಲಿಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರ್ ಹೇಳಿದಂತೆ ಮಾಡಲಿ.

ಸುಮ್ನೆಓದ್ತಿದ್ದೆ | ಬುಧವಾರ, ರಾತ್ರಿ 11:40

ಇದನ್ನು ಓದುವಷ್ಟರಲ್ಲಿ ಒಂದು ಪ್ಯಾಕೆಟ್ ಚಿಪ್ಸ್ ಮುಗಿಸಿದೆ. ನಿಜ ಹೇಳುತ್ತಿದ್ದೇನೆ.

ಖಾಲಿಡಬ್ಬಿ | ಮರು ಮಂಗಳವಾರ, ರಾತ್ರಿ 10:05

ಹಾಳೆ ಇಳಿಸಿದೆ. ಒಂದು ವಾರಕ್ಕೆ 43 ಗೀಟು. ದಿನವಿಡೀ ತಿನ್ನುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ. ಮೂರೇ ಹೊತ್ತು! ಬೆಳಗ್ಗೆ 7:40, ಎಲ್ಲರೂ ಹೊರಡುವ ಗಡಿಬಿಡಿ. ಸಂಜೆ 5ರಿಂದ 5:30. ರಾತ್ರಿ 10:30, ಇದು ಟಿವಿ ಮುಂದೆ ನಮ್ಮೆಜಮಾನರು ಒಬ್ಬರೇ. ಅತ್ತೆಯದು ಮಾತ್ರ ಬೇರೆ, ನಾಲ್ಕು ಗಂಟೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು. "ಆ ಹೊತ್ತಿಗೆ ಏನಾದರೂ ಬಾಯಾಡಿಸಬೇಕು ಅನಿಸುತ್ತೆ ಕಣೆ, ಒಬ್ಬಳೇ ಇರ್ತೀನಲ್ಲ" ಅಂದರು. ನನಗೆ ಮಾತು ಹೊರಡಲಿಲ್ಲ.

ನಾನು ಇಡೀ ಕಪಾಟಿನ ಜೊತೆ ಯುದ್ಧ ಮಾಡುತ್ತಿದ್ದೆ. ನೋಡಿದರೆ ಬರೀ ಎರಡು ಮೂರು ಅರ್ಧ ಗಂಟೆಗಳ ವಿಷಯ.

ಮೂರುಮಕ್ಕಳಮ್ಮ | ಮರು ಮಂಗಳವಾರ, ರಾತ್ರಿ 10:40

ಈಗ ಕೆಲಸ ಹಗುರ. 5 ಗಂಟೆಗೆ ಮಾತ್ರ ಗುರಿ ಇಡಿ, ಬಾಕಿ ಎರಡನ್ನು ಈ ತಿಂಗಳು ಮುಟ್ಟಬೇಡಿ.

ನಾನು ಮಾಡುವುದು ಇಷ್ಟು. ಕಣ್ಣ ಮಟ್ಟದ ಅರೆಯಲ್ಲಿ ತೆಗೆದು ಹಾಗೇ ತಿನ್ನುವಂಥದ್ದೇ ಇರಬೇಕು, ಅಕ್ಕಿ ಹಿಟ್ಟು ಎಲ್ಲ ಕೆಳಗೆ. ಹುರಿದ ಶೇಂಗಾ, ಒಣದ್ರಾಕ್ಷಿ, ತೊಳೆದಿಟ್ಟ ಹಣ್ಣು, ಬೇಯಿಸಿದ ಮೊಟ್ಟೆ. ಹಣ್ಣನ್ನು ಹೆಚ್ಚಿ ಇಟ್ಟರೆ ಖಾಲಿ ಆಗುತ್ತದೆ, ಇಡಿಯಾಗಿ ಇಟ್ಟರೆ ಕೊಳೆಯುತ್ತದೆ. ಯಾಕೆ ಅಂತ ಕೇಳಬೇಡಿ, ಮೂರು ಮಕ್ಕಳಲ್ಲೂ ಅದೇ ಕಥೆ. ಐದು ವರ್ಷದೊಳಗಿನ ಮಕ್ಕಳು ಮನೆಗೆ ಬಂದರೆ ಇಡಿ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ವಾರಕ್ಕೊಮ್ಮೆ ಅರ್ಧ ಕಿಲೋ ಕಾಳು ನೆನೆಸಿ ಬೇಯಿಸಿ, ಸಣ್ಣ ಚೀಲಗಳಲ್ಲಿ ಚಪ್ಪಟೆಯಾಗಿ ಹರಡಿ ಫ್ರೀಜರ್‌ಗೆ. ಚಪ್ಪಟೆ ಇದ್ದರೆ ಬಿಸಿನೀರಲ್ಲಿ ಬೇಗ ಕರಗುತ್ತದೆ. ಅದೇ ನಮ್ಮ ಮನೆಯ ಇನ್‌ಸ್ಟಂಟ್ ಊಟ. ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಬೇಕು. ನಿಧಾನ ಬೇಯಿಸುವ ಪಾತ್ರೆಗೆ ನೇರವಾಗಿ ಹಾಕಬೇಡಿ, ಅದರಲ್ಲಿರುವ ಒಂದು ನಂಜು ಕಡಿಮೆ ಶಾಖಕ್ಕೆ ಹೋಗುವುದಿಲ್ಲ, ವಾಂತಿ ಗ್ಯಾರಂಟಿ. ಬೇಯಿಸುವ ತಾಳ್ಮೆ ಇಲ್ಲದ ವಾರ ಡಬ್ಬಿ ಕಾಳು ತರುತ್ತೇನೆ, ನೀರು ಬಸಿದು ಚೆನ್ನಾಗಿ ತೊಳೆದರೆ ಉಪ್ಪು ಎಷ್ಟೋ ಹೋಗುತ್ತದೆ.

ಮಗಳಿಗೆ ಏನೂ ಹೇಳಬೇಡಿ. 14 ವರ್ಷದವಳಿಗೆ "ಅದು ಕೆಟ್ಟದ್ದು" ಅಂದರೆ ಮುಗಿಯಿತು. ಊಟವನ್ನು ಪಾಪ ಪುಣ್ಯ ಮಾಡಿದರೆ ಆ ವಯಸ್ಸಿಗೆ ಬೇರೆ ತೊಂದರೆಗಳು ಶುರುವಾಗುತ್ತವೆ.

ರಾತ್ರಿಪಾಳಿ | ಮರು ಬುಧವಾರ, ಬೆಳಗ್ಗೆ 6:10

ಕಾಳು ಬೇಯಿಸುವ ಪಾಳಿ ಯಜಮಾನರಿಗೆ ಹಾಕಿ. ಹೇಗೂ 10:30ಕ್ಕೆ ಎದ್ದಿರುತ್ತಾರಲ್ಲ.

ನಿವೃತ್ತಮೇಷ್ಟ್ರು | ಮರು ಬುಧವಾರ, ಬೆಳಗ್ಗೆ 7:45

ಅತ್ತೆಯವರ ನಾಲ್ಕು ಗಂಟೆ ನನಗೆ ಅರ್ಥವಾಗುತ್ತದೆ. ನಿವೃತ್ತಿಯಾದ ಮೊದಲ ವರ್ಷ ನಾನು ತಿಂದ ಬಿಸ್ಕತ್ತು ಅಷ್ಟಿಷ್ಟಲ್ಲ. ಅವರಿಗೆ ದಿನಕ್ಕೆ ಎರಡು ಬಿಸ್ಕತ್ತು ತಟ್ಟೆಯಲ್ಲಿಟ್ಟು, ಎಲ್ಲರ ಎದುರಿಗೇ ಕೊಡಿ. ಬೀರುವಿನಿಂದ ಆಚೆ ಬಂದರೆ ಅದೇ ಕಡಿಮೆಯಾಗುತ್ತದೆ.

ಹಸಿರುಚೀಲ | ಮರು ಶನಿವಾರ, ಸಂಜೆ 6:30

ಇವತ್ತು ಅಡುಗೆ ನನ್ನದು. ಮೂರು ಹೊತ್ತೂ. ಬೆಳಗ್ಗೆ 6ರಿಂದ ನಿಂತಿದ್ದೇನೆ. ರಾತ್ರಿಗೆ ಬ್ರೆಡ್ ತರಲು ಹೊರಟಿದ್ದೇನೆ. ಯಾರೂ ಏನೂ ಹೇಳಬೇಡಿ.

ರಾತ್ರಿಪಾಳಿ | ಮರು ಶನಿವಾರ, ಸಂಜೆ 6:32

🙏 ತಿರುಗಿಸಿ ಓದಿ ತನ್ನಿ ಅಷ್ಟೇ.

ಖಾಲಿಡಬ್ಬಿ | ಐದು ವಾರದ ನಂತರ, ಭಾನುವಾರ, ಮಧ್ಯಾಹ್ನ 12:15

ಕೇಳಿದವರಿಗೆಲ್ಲ ವರದಿ. 5 ಗಂಟೆ ಗೆದ್ದಿದ್ದೇವೆ, ಪೂರ್ತಿ ಅಲ್ಲ, ವಾರದಲ್ಲಿ ನಾಲ್ಕು ದಿನ. ಶುಕ್ರವಾರ ಮಕ್ಕಳೇ ಆರಿಸಿದ ಒಂದು ಪ್ಯಾಕೆಟ್ ಬರುತ್ತದೆ, ಯಾರೂ ಮಾತಾಡುವ ಹಾಗಿಲ್ಲ. ಸೀರಿಯಲ್ ವಾಪಸ್ ಬಂದಿದೆ, ಆದರೆ ಅರ್ಧ ಅದು, ಅರ್ಧ ಸಾದಾ ಓಟ್ಸ್, ಒಂದೇ ಡಬ್ಬಿಯಲ್ಲಿ ಬೆರೆಸಿದ್ದೇನೆ. ವಾರ ವಾರ ಓಟ್ಸ್ ಪಾಲು ಏರಿಸುತ್ತಿದ್ದೇನೆ. ಮಗನಿಗೆ ಗೊತ್ತಾಗಿದೆ, ಸುಮ್ಮನಿದ್ದಾನೆ. ಕಾಳಿನ ಪಾಳಿ ಯಜಮಾನರದು. ಮೊದಲ ವಾರ ತಳ ಹಿಡಿಸಿದರು. 10:30ರ ಚಿಪ್ಸ್ ಇನ್ನೂ ಇದೆ, ಅದನ್ನು ಸದ್ಯಕ್ಕೆ ಕೇಳಬೇಡಿ.

ಅತ್ತೆ ಈಗ ನಾಲ್ಕು ಗಂಟೆಗೆ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಎರಡು ಬಿಸ್ಕತ್ತು, ಒಂದು ಹಿಡಿ ಶೇಂಗಾ. ನಿನ್ನೆ ಬಟ್ಟೆ ಮಡಚಿಡುವಾಗ ಬೀರುವಿನಲ್ಲಿ, ಅದೇ ಸ್ವೆಟರ್ ಕೆಳಗೆ, ಮತ್ತೆ ಡಬ್ಬಿ ಸಿಕ್ಕಿತು. ತೆರೆದರೆ ಹುರಿದ ಶೇಂಗಾ. "ಆಚೆ ಇಟ್ಟರೆ ನಿನ್ನ ಮಕ್ಕಳು ಬಿಡಲ್ಲ" ಅಂದರು.

ಲೇಬಲ್ಲಣ್ಣ | ಭಾನುವಾರ, ಮಧ್ಯಾಹ್ನ 1:05

ಸ್ವೆಟರ್ ಕೆಳಗೆ ಬೆಚ್ಚಗಿರುತ್ತದೆ, ಶೇಂಗಾದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಗಾಳಿ ಆಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಲು ಹೇಳಿ.

ಖಾಲಿಡಬ್ಬಿ | ಭಾನುವಾರ, ಮಧ್ಯಾಹ್ನ 1:30

ಹೇಳಿದೆ ಅಣ್ಣ. "ಫ್ರಿಜ್‌ಗೆ ಬೀಗ ಇದೆಯಾ?" ಅಂತ ಕೇಳುತ್ತಿದ್ದಾರೆ.